ಇಆರ್ ಇದೆ, ಪಿಆರ್ ಇಲ್ಲ: ಮಾತ್ರೆ ಅರ್ಧ ಕೆಲಸ ಮಾಡುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನನಗೆ 56 ವರ್ಷ. ಮುಟ್ಟು ನಿಂತು ಆರು ವರ್ಷವಾಯಿತು. ಸ್ತನ ಕ್ಯಾನ್ಸರಿನ ಗಡ್ಡೆಗೆ ಆಪರೇಷನ್ ಆಗಿದೆ. ರಿಪೋರ್ಟಿನಲ್ಲಿ ಇಆರ್ 90%, ಪಿಆರ್ 0, ಹರ್2 ನೆಗೆಟಿವ್ ಎಂದಿದೆ. ಲೆಟ್ರೊಜೋಲ್ ಮಾತ್ರೆ ಕೊಟ್ಟಿದ್ದಾರೆ. ನನ್ನ ನಾದಿನಿಗೂ ಇದೇ ಕಾಯಿಲೆ ಬಂದಿತ್ತು, ಅವಳಿಗೆ ಎರಡೂ ಪಾಸಿಟಿವ್. "ನಿಮಗೆ ಒಂದೇ ಇರೋದು ಅತ್ತಿಗೆ, ಮಾತ್ರೆ ಅರ್ಧ ಮಾತ್ರ ಕೆಲಸ ಮಾಡುತ್ತೆ" ಅನ್ನುತ್ತಾಳೆ. ನಿಜವೇ?

ಉತ್ತರ: ನಿಜವಲ್ಲ. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಾನು ಪೆಥಾಲಜಿಸ್ಟ್. ರೋಗಿಗಳ ಮುಖಕ್ಕಿಂತ ಅವರ ಗಡ್ಡೆಯ ಸ್ಲೈಡ್ ನೋಡುವುದೇ ಜಾಸ್ತಿ. ಇಆರ್ ಎಂದರೆ ಈಸ್ಟ್ರೊಜೆನ್ ರಿಸೆಪ್ಟರ್, ಪಿಆರ್ ಎಂದರೆ ಪ್ರೊಜೆಸ್ಟರಾನ್ ರಿಸೆಪ್ಟರ್, ಅಂದರೆ ಆ ಹಾರ್ಮೋನುಗಳನ್ನು ಹಿಡಿದುಕೊಳ್ಳುವ ಪ್ರೋಟೀನುಗಳು. ನಿಮ್ಮ ರಿಪೋರ್ಟಿನ ಆ ಎರಡು ಸಾಲುಗಳನ್ನೂ ನನ್ನಂಥವರೊಬ್ಬರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬರೆದಿರುತ್ತಾರೆ. ಗಡ್ಡೆಯ ತೆಳುವಾದ ಪದರಕ್ಕೆ ಬಣ್ಣ ಹಾಕಿದಾಗ ರಿಸೆಪ್ಟರ್ ಇರುವ ಜೀವಕೋಶದ ನಡುಭಾಗ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದ್ದು ನೀಲಿಯಾಗಿಯೇ ಉಳಿಯುತ್ತದೆ. ನೂರರಲ್ಲಿ ಎಷ್ಟು ಕಂದು ಅಂತ ನೋಡಿ ಬರೆಯುತ್ತೇವೆ. ನಿಮ್ಮದರಲ್ಲಿ ಇಆರ್‌ಗೆ ತೊಂಬತ್ತು ಕಂದು. ನೂರರಲ್ಲಿ ಒಂದು ಕಂದಾಗಿದ್ದರೂ ಅದನ್ನು ಪಾಸಿಟಿವ್ ಅನ್ನುತ್ತೇವೆ, ಹಾಗಿರುವಾಗ ತೊಂಬತ್ತು ಎಂದರೆ ತುಂಬಾ ಆಯಿತು.

ಈಗ ಈ ಎರಡರ ಸಂಬಂಧ. ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಎರಡೂ ಸ್ಟೀರಾಯ್ಡ್ ಹಾರ್ಮೋನುಗಳು. ಕೊಬ್ಬಿನಲ್ಲಿ ಕರಗುವುದರಿಂದ ಜೀವಕೋಶದ ಪೊರೆ ದಾಟಿ ಒಳಗೇ ಹೋಗುತ್ತವೆ. ಅಲ್ಲಿ ಅವನ್ನು ಹಿಡಿದುಕೊಳ್ಳುವ ಪ್ರೋಟೀನೇ ರಿಸೆಪ್ಟರ್. ಹಾರ್ಮೋನ್ ಸಿಕ್ಕ ಇಆರ್ ನೇರವಾಗಿ ಡಿಎನ್ಎ ಮೇಲೆ ಕೂತು ಕೆಲವು ಜೀನುಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಹಾಗೆ ಅದು ಎಬ್ಬಿಸುವ ಜೀನುಗಳಲ್ಲಿ ಪಿಆರ್ ತಯಾರಿಸುವ ಜೀನೂ ಒಂದು. ಅಂದರೆ ಪಿಆರ್ ಇದೆ ಎಂದರೆ ಇಆರ್ ಸುಮ್ನೆ ಕೂತಿಲ್ಲ, ದುಡಿಯುತ್ತಿದೆ ಎಂದರ್ಥ. 1975ರಲ್ಲಿ ಸಂಶೋಧಕರಾದ ಕ್ಯಾಥರಿನ್ ಹಾರ್ವಿಟ್ಜ್ ಮತ್ತು ವಿಲಿಯಂ ಮೆಗ್ವೈರ್ ಈ ಯೋಚನೆಯನ್ನು ಮುಂದಿಟ್ಟರು. ಅಂದಿನಿಂದ ಎರಡನ್ನೂ ಜೊತೆಯಾಗಿ ನೋಡುವ ರೂಢಿ ಬೆಳೆಯಿತು.

ಹೊಗೆ ಕಂಡರೆ ಬೆಂಕಿ ಇದೆ ಅನ್ನಬಹುದು. ಹೊಗೆ ಕಾಣಲಿಲ್ಲ ಅಂತ ಬೆಂಕಿಯೇ ಇಲ್ಲ ಅನ್ನಲಾಗದು, ಬೂದಿ ಮುಚ್ಚಿದ ಕೆಂಡವೂ ಇರುತ್ತದಲ್ವಾ? ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಕಡಿಮೆಯಾಗುತ್ತದೆ, ಪಿಆರ್ ತಯಾರಿಯೂ ಇಳಿಯಬಹುದು. ಕೆಲವು ಗಡ್ಡೆಗಳಲ್ಲಿ ಪಿಆರ್‌ನ ಜೀನೇ ಕಳೆದುಹೋಗಿರುತ್ತದೆ. ಇನ್ನು ಕೆಲವದರಲ್ಲಿ ಬೇರೆ ಬೆಳವಣಿಗೆಯ ಸಂಕೇತಗಳು ಜೋರಾಗಿ ಪಿಆರ್ ಅಡಗುತ್ತದೆ. ಇಷ್ಟೆಲ್ಲ ಇದ್ದರೂ ಇಆರ್ ಇದ್ದೇ ಇರುತ್ತದೆ, ಮಾತ್ರೆ ತಡೆಯುವುದು ಅದರ ಕೆಲಸವನ್ನೇ. ಲೆಟ್ರೊಜೋಲ್ ಈಸ್ಟ್ರೊಜೆನ್ ತಯಾರಾಗದಂತೆ ನೋಡಿಕೊಳ್ಳುತ್ತದೆ, ಟಮಾಕ್ಸಿಫೆನ್ ಎಂಬ ಇನ್ನೊಂದು ಮಾತ್ರೆ ಇಆರ್ ಅನ್ನೇ ಅಡ್ಡಗಟ್ಟುತ್ತದೆ.

ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. 2011ರಲ್ಲಿ 20 ಪ್ರಯೋಗಗಳ 21 ಸಾವಿರಕ್ಕೂ ಹೆಚ್ಚು ಮಹಿಳೆಯರ ವಿವರ ಒಟ್ಟು ಸೇರಿಸಿ ನೋಡಿದ್ದರು. ಇಆರ್ ಪಾಸಿಟಿವ್ ಇದ್ದವರು ಐದು ವರ್ಷ ಟಮಾಕ್ಸಿಫೆನ್ ತಗೊಂಡಾಗ, ಮುಂದಿನ 15 ವರ್ಷಗಳಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಪಿಆರ್ ಇದ್ದರೂ ಇಲ್ಲದಿದ್ದರೂ ಲಾಭ ಹೆಚ್ಚುಕಡಿಮೆ ಅಷ್ಟೇ. ಮುಟ್ಟು ನಿಂತವರಿಗೆ ನಿಮ್ಮ ಲೆಟ್ರೊಜೋಲ್ ಜಾತಿಯ ಮಾತ್ರೆಗಳು ಟಮಾಕ್ಸಿಫೆನ್‌ಗಿಂತ ಇನ್ನೂ ತುಸು ಮೇಲು.

ಒಂದು ಮಾತು ಮುಚ್ಚಿಡುವುದಿಲ್ಲ. ಪಿಆರ್ ಬರೀ ಸಾಕ್ಷಿಯಲ್ಲ, ಲಗಾಮು ಕೂಡ. 2015ರಲ್ಲಿ ಕೇಂಬ್ರಿಡ್ಜ್ ಮತ್ತು ಅಡಿಲೇಡ್‌ನ ಸಂಶೋಧಕರು ಇದನ್ನು ತೋರಿಸಿದರು. ಪ್ರೊಜೆಸ್ಟರಾನ್ ಸಿಕ್ಕಿದ ಪಿಆರ್ ಹೋಗಿ ಇಆರ್ ಜೊತೆ ಸೇರಿಕೊಳ್ಳುತ್ತದೆ. ಇಆರ್ ಡಿಎನ್ಎ ಮೇಲೆ ಕೂರುವ ಜಾಗವನ್ನೇ ಬದಲಿಸುತ್ತದೆ. ಜಾಗ ಬದಲಾದರೆ ಎಚ್ಚರಾಗುವ ಜೀನುಗಳೂ ಬೇರೆ, ಗಡ್ಡೆ ಬೆಳೆಯುವ ವೇಗವೂ ಕಡಿಮೆ. ಆದ್ದರಿಂದ ಪಿಆರ್ ಇರುವ ಗಡ್ಡೆಗಳು ಸರಾಸರಿಯಲ್ಲಿ ಸ್ವಲ್ಪ ಸಾಧು. ನಿಮ್ಮ ಡಾಕ್ಟರು ಪಿಆರ್ ಸೊನ್ನೆಯನ್ನು ಗಡ್ಡೆಯ ಗಾತ್ರ, ಗ್ರೇಡ್, ಕಂಕುಳಿನ ಗಂಟುಗಳ ಜೊತೆಗಿಟ್ಟು ನೋಡುತ್ತಾರೆ. ಮಾತ್ರೆಯ ಜೊತೆ ಬೇರೆ ಏನಾದರೂ ಬೇಕೇ ಅಂತ ಯೋಚಿಸುವುದಕ್ಕೆ ಅದು ನೆರವಾಗುತ್ತದೆ.

ಕೊನೆಗೆ, ಆ ಸೊನ್ನೆ ನಿಜವಾದ ಸೊನ್ನೆಯೇ ಅಂತ ಕೇಳುವ ಹಕ್ಕು ನಿಮಗಿದೆ. ಸ್ಲೈಡಿನ ಮೂಲೆಯಲ್ಲಿ ಒಂದೆರಡು ಆರೋಗ್ಯವಂತ ಹಾಲಿನ ನಾಳಗಳು ಉಳಿದಿರುತ್ತವೆ. ನಾನು ಮೊದಲು ಹುಡುಕುವುದು ಅವನ್ನೇ. ಅವುಗಳ ಕೆಲವು ಕೋಶ ಕಂದಾಗಿದ್ದು ಕ್ಯಾನ್ಸರ್ ಕೋಶಗಳೆಲ್ಲ ನೀಲಿಯಾಗಿದ್ದರೆ ಸೊನ್ನೆಯನ್ನು ನಂಬಬಹುದು. ಆ ನಾಳಗಳೂ ನೀಲಿಯಾಗಿದ್ದರೆ ಬಣ್ಣವೇ ಹಿಡಿದಿಲ್ಲ. ವರ್ಷಗಳ ಹಿಂದೆ ನನ್ನ ಮೇಜಿಗೆ ಇಂಥ ಸ್ಲೈಡ್ ಬಂದಿತ್ತು. ಇಆರ್ ಸೊನ್ನೆ, ಪಿಆರ್ ಸೊನ್ನೆ, ಮೂಲೆಯ ನಾಳವೂ ಖಾಲಿ. ವಿಚಾರಿಸಿದರೆ, ಗಡ್ಡೆ ರಾತ್ರಿಯಿಡೀ ಫಾರ್ಮಲಿನ್ (ಕೆಡದಂತೆ ಕಾಪಾಡುವ ದ್ರವ) ಇಲ್ಲದೆ ಬಿದ್ದಿತ್ತು. ಅದೇ ಹೆಂಗಸಿನ ಹಳೆಯ ಬಯಾಪ್ಸಿ ತರಿಸಿ ಮತ್ತೆ ಮಾಡಿದಾಗ ಎರಡೂ ಕಂದು! ಆ ಸೊನ್ನೆಗೆ ಸಹಿ ಹಾಕಿದ್ದರೆ ಅವರಿಗೆ ಮಾತ್ರೆಯೇ ಸಿಗುತ್ತಿರಲಿಲ್ಲ. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ನಿಮ್ಮ ಇಆರ್ ಚೆನ್ನಾಗಿ ಬಣ್ಣ ಹಿಡಿದಿರುವುದರಿಂದ ಗಡ್ಡೆ ಹಾಳಾಗಿರಲಿಕ್ಕಿಲ್ಲ. ಆದರೂ ಪಿಆರ್ ಸ್ಲೈಡಿನಲ್ಲಿ ಇಂಟರ್ನಲ್ ಕಂಟ್ರೋಲ್ (ಆ ಆರೋಗ್ಯವಂತ ನಾಳಗಳಿಗೆ ನಾವಿಟ್ಟ ಹೆಸರು) ಪಾಸಿಟಿವ್ ಇತ್ತೇ ಅಂತ ಕೇಳಿ. ಸಂಕೋಚ ಬೇಡ.

ಪ್ರಶ್ನೆ: ಪ್ರೊಜೆಸ್ಟರಾನ್ ಗಡ್ಡೆಯನ್ನು ತಡೆಯುತ್ತದೆ ಅಂತ ಓದಿದೆ. ನನಗೆ ಇಆರ್, ಪಿಆರ್ ಎರಡೂ ಇವೆ. ಟಮಾಕ್ಸಿಫೆನ್ ಜೊತೆ ಪ್ರೊಜೆಸ್ಟರಾನ್ ಮಾತ್ರೆಯನ್ನೂ ತಗೊಳ್ಳಲೇ?

ಉತ್ತರ: ದಯವಿಟ್ಟು ಬೇಡ. ಮೇಲೆ ಹೇಳಿದ ಲಗಾಮಿನ ಕೆಲಸ ಕಂಡಿದ್ದು ಲ್ಯಾಬಿನ ಕೋಶಗಳಲ್ಲಿ, ಇಲಿಗಳಲ್ಲಿ, ತೆಗೆದ ಗಡ್ಡೆಯ ತುಣುಕುಗಳಲ್ಲಿ. ಇನ್ನೊಂದು ಕಡೆ, 2002ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದು ಹೊರಬಂತು. ಮುಟ್ಟು ನಿಂತವರಿಗೆ ಈಸ್ಟ್ರೊಜೆನ್ ಜೊತೆ ಮೆಡ್ರಾಕ್ಸಿಪ್ರೊಜೆಸ್ಟರಾನ್ ಕೊಟ್ಟಾಗ ಸ್ತನ ಕ್ಯಾನ್ಸರ್ ಹೆಚ್ಚಾಗಿತ್ತು. ಅದು ದೇಹದ ಪ್ರೊಜೆಸ್ಟರಾನ್ ಅಲ್ಲ, ಅದರ ಹೋಲಿಕೆಯದ್ದು. ಪಿಆರ್ ಅಷ್ಟೇ ಅಲ್ಲದೆ ಬೇರೆ ಸ್ಟೀರಾಯ್ಡ್ ರಿಸೆಪ್ಟರುಗಳಿಗೂ ಅಂಟಿಕೊಳ್ಳುತ್ತದೆ. ಹೆಸರು ಒಂದೇ ಥರ ಕೇಳಿಸಿದರೂ ಕೆಲಸ ಒಂದೇ ಅಲ್ಲ. ಈ ಗೋಜಲಿನಲ್ಲಿ ನೀವಾಗಿಯೇ ಮಾತ್ರೆ ನುಂಗುವುದು ಅಪಾಯ.

ಪ್ರಶ್ನೆ: ನನ್ನ ತಾಯಿಯ ರಿಪೋರ್ಟಿನಲ್ಲಿ ಇಆರ್ ಜೊತೆಗೆ 'ಎಆರ್ 80%' ಅಂತಲೂ ಇದೆ. ಅದು ಗಂಡಸರ ಹಾರ್ಮೋನಿನದ್ದಂತೆ. ಅಮ್ಮ ತುಂಬಾ ಹೆದರಿದ್ದಾರೆ.

ಉತ್ತರ: ಹೆದರುವಂಥದ್ದಲ್ಲ ಅಂತ ಅಮ್ಮನಿಗೆ ಹೇಳಿ. ಎಆರ್ ಎಂದರೆ ಆಂಡ್ರೊಜೆನ್ ರಿಸೆಪ್ಟರ್. ಗಂಡು ಹಾರ್ಮೋನ್ ಅನ್ನುವ ಈ ಆಂಡ್ರೊಜೆನ್ ಹೆಂಗಸರ ದೇಹದಲ್ಲೂ ಇರುತ್ತದೆ. ಈಸ್ಟ್ರೊಜೆನ್ ತಯಾರಾಗುವುದೇ ಅದರಿಂದ. ಇಆರ್ ಇರುವ ಗಡ್ಡೆಗಳಲ್ಲಿ ಎಆರ್ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಅಲ್ಲಿ ಅದು ಇಆರ್‌ಗೆ ಎದುರಾಳಿ. ಟಮಾಕ್ಸಿಫೆನ್ ಬರುವ ಮುಂಚೆ ಗಂಡು ಹಾರ್ಮೋನನ್ನೇ ಈ ಕಾಯಿಲೆಗೆ ಔಷಧಿಯಾಗಿ ಕೊಡುತ್ತಿದ್ದರು. ಕೆಲವರಿಗೆ ಗುಣ ಕಾಣುತ್ತಿತ್ತು, ಆದರೆ ದನಿ ಗಡಸಾಗಿ ಮುಖದ ಮೇಲೆ ಕೂದಲು ಬರುತ್ತಿತ್ತು. ಇಆರ್ ಇಲ್ಲದ ಕೆಲವು ಗಡ್ಡೆಗಳಲ್ಲಿ ಮಾತ್ರ ಎಆರ್ ಬೆಳವಣಿಗೆಗೆ ನೆರವಾಗಬಹುದು. ನಿಮ್ಮ ಅಮ್ಮನದು ಆ ಗುಂಪಲ್ಲ. ಅವರ ಚಿಕಿತ್ಸೆ ಇಆರ್ ನೋಡಿಯೇ ನಡೆಯುತ್ತದೆ.