ಮೇ ಕೊನೆಯಲ್ಲಿ ಬ್ಯಾನ್ಫ್‌ನ ಕೆರೆಗಳು ನೀಲಿ ಇರುತ್ತವಾ?

ಮೇ ಕೊನೇ ವಾರ ಅಪ್ಪ ಅಮ್ಮನ ಜೊತೆ ಕೆನಡಾದ ಬ್ಯಾನ್ಫ್‌ಗೆ ಹೋದರೆ ಫೋಟೋದಲ್ಲಿರುವಂಥ ನೀಲಿ ನೀರು ಸಿಗುತ್ತಾ ಅಂತ ಕೇಳಿದ್ದೀರಿ. ಸಾಧ್ಯವಾದರೆ ಪ್ರವಾಸ ಜುಲೈಗೆ ಮುಂದೂಡಿ. ಲೇಕ್ ಲೂಯಿಸ್ ಮೇಲಿನ ಮಂಜುಗಡ್ಡೆ ಸಾಮಾನ್ಯವಾಗಿ ಕರಗುವುದೇ ಜೂನ್ ಶುರುವಿನಲ್ಲಿ. ಮೊರೇನ್ ಲೇಕಿನ ರಸ್ತೆಯೂ ಮೇ ತಿಂಗಳಲ್ಲಿ ಮುಚ್ಚಿರುತ್ತದೆ.

ಆ ಬಣ್ಣಕ್ಕೆ ಕಾರಣ ಆಕಾಶ ಅಲ್ಲ. ಹಿಮನದಿ ಜರುಗುವಾಗ ಬಂಡೆಯನ್ನು ಬೀಸುಕಲ್ಲಿನ ಹಾಗೆ ಅರೆಯುತ್ತದೆ. ಆ ನುಣ್ಣನೆಯ ಹಿಟ್ಟು ತಳಕ್ಕೆ ಇಳಿಯದೆ ನೀರಿನಲ್ಲೇ ತೇಲುತ್ತಾ ನೀಲಿ, ಹಸಿರು ಬೆಳಕನ್ನು ಚದುರಿಸುತ್ತದೆ. ಬಿಸಿಲು ಏರಿ ಹಿಮ ಕರಗಿದಷ್ಟೂ ಹಿಟ್ಟು ಜಾಸ್ತಿ, ಬಣ್ಣವೂ ಜಾಸ್ತಿ.

ಇನ್ನೊಂದು ವಿಷಯ, 2023ರಿಂದ ಮೊರೇನ್ ಲೇಕಿಗೆ ಸ್ವಂತ ಕಾರು ಬಿಡುವುದಿಲ್ಲ. ಶಟಲ್ ಬಸ್ ಸೀಟು ಮೊದಲೇ ಬುಕ್ ಮಾಡಿ, ಸುಮ್ನೆ ಅಲ್ಲಿಗೆ ಹೋಗಿ ನೋಡೋಣ ಅಂದರೆ ಆಗಲ್ಲ. ಆ ಕೆರೆಯ ಹಿಂದಿನ ಹತ್ತು ಶಿಖರಗಳ ಸಾಲು ಪೂರ್ತಿ ಕಾಣಬೇಕಾದರೆ ದಡದ ಕಲ್ಲುಗುಡ್ಡೆ ಹತ್ತಬೇಕು. ಮೆಟ್ಟಿಲಿದೆ, ನಿಧಾನಕ್ಕೆ ಹತ್ತಿದರೆ ಹಿರಿಯರಿಗೂ ಆಗುತ್ತದೆ.

ಟಿಕೆಟ್ ಆಗಲೇ ತಗೊಂಡಾಗಿದೆ ಅಂದರೆ ಬ್ಯಾನ್ಫ್ ಊರಿನ ಪಕ್ಕದ ವರ್ಮಿಲಿಯನ್ ಲೇಕ್ಸ್‌ಗೆ ಹೋಗಿ. ಆಳ ಕಡಿಮೆ, ಬೇಗ ಕರಗುತ್ತದೆ. ಗಾಳಿ ಇಲ್ಲದ ಬೆಳಗ್ಗೆ ರಂಡಲ್ ಬೆಟ್ಟ ಅದರಲ್ಲಿ ತಲೆಕೆಳಗಾಗಿ ಕಾಣುತ್ತದೆ. ನನಗಂತೂ ಅದೇ ಹೆಚ್ಚು ಇಷ್ಟ. ಅಮ್ಮನಿಗೆ ಸ್ವೆಟರ್ ಸಾಲದು, ದಪ್ಪ ಜಾಕೆಟ್ ಇಟ್ಟುಕೊಳ್ಳಿ.