ಆಯಿಲ್ ಕುಡಿಯುವ ಎಂಜಿನ್: ಬಿಚ್ಚಿಸುವ ಮೊದಲು ಅಳೆಯಿರಿ

ಪ್ರಶ್ನೆ: ನನ್ನ ಪೆಟ್ರೋಲ್ ಕಾರು ಒಂದು ಲಕ್ಷ ಕಿಲೋಮೀಟರ್ ದಾಟಿದೆ. ಎರಡು ಸರ್ವಿಸ್‌ಗಳ ನಡುವೆ ಪದೇ ಪದೇ ಎಂಜಿನ್ ಆಯಿಲ್ ತುಂಬಿಸಬೇಕಾಗುತ್ತಿದೆ. ನೆಲದ ಮೇಲೆ ಒಂದು ಹನಿಯೂ ಸೋರುವುದಿಲ್ಲ. ಒಬ್ಬ ಮೆಕ್ಯಾನಿಕ್ ದಪ್ಪ ಆಯಿಲ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಎಂಜಿನ್ ಬಿಚ್ಚಿ ಪಿಸ್ಟನ್ ಸುತ್ತಲಿನ ರಿಂಗ್ ಬದಲಿಸಬೇಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಆದರೆ ಎಷ್ಟು ಕಿಲೋಮೀಟರಿಗೆ ಎಷ್ಟು ಆಯಿಲ್ ಇಳಿಯಿತು ಎಂಬ ಲೆಕ್ಕವನ್ನು ಯಾರೂ ಬರೆಯುವುದಿಲ್ಲ. ಸಮತಟ್ಟಾದ ಜಾಗದಲ್ಲಿ, ಎಂಜಿನ್ ನಿಲ್ಲಿಸಿ ಹತ್ತು ನಿಮಿಷವಾದ ಮೇಲೆ, ಡಿಪ್‌ಸ್ಟಿಕ್‌ನ ಮೇಲಿನ ಗೆರೆಯವರೆಗೆ ಆಯಿಲ್ ತುಂಬಿಸಿ ಓಡೋಮೀಟರ್‌ನ ಅಂಕಿಯನ್ನು ಬರೆದಿಡಿ. 1,000 ಕಿ.ಮೀ. ಓಡಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ಮತ್ತೆ ಆ ಗೆರೆ ಮುಟ್ಟಲು ಎಷ್ಟು ಬೇಕಾಯಿತು ಎಂದು ಅಳೆಯಿರಿ. ಈ ನಡುವೆ ಮಟ್ಟವನ್ನು ಆಗಾಗ ನೋಡುತ್ತಿರಿ. ಕೆಲವು ತಯಾರಕರು 1,000 ಕಿ.ಮೀ.ಗೆ ಒಂದು ಲೀಟರಿನಷ್ಟು ಖರ್ಚನ್ನೂ ಸಹಜವೆಂದೇ ಹೇಳುತ್ತಾರೆ. ಆ ಔದಾರ್ಯವನ್ನು ನಾನು ಒಪ್ಪುವುದಿಲ್ಲ. ಅರ್ಧ ಲೀಟರ್ ಮೀರಿದರೆ ಕಾರಣವನ್ನು ಹುಡುಕಲೇಬೇಕು.

ಹುಡುಕಾಟವನ್ನು ಅಗ್ಗದ ಭಾಗದಿಂದ ಆರಂಭಿಸಿ, ಅಂದರೆ ಪಿಸಿವಿ ವಾಲ್ವ್‌ನಿಂದ. ಎಂಜಿನ್ನಿನ ಒಳಗೆ ಸೇರುವ ಅನಿಲವನ್ನು ಇನ್‌ಟೇಕ್‌ಗೆ ಕಳಿಸುವ ಈ ಚಿಕ್ಕ ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ, ಅನಿಲದ ಜೊತೆಗೆ ಆಯಿಲ್ ಆವಿಯೂ ಎಳೆಯಲ್ಪಟ್ಟು ಉರಿದುಹೋಗುತ್ತದೆ. ಮುಚ್ಚಿಕೊಂಡರೆ ಒಳಗಿನ ಒತ್ತಡ ಏರಿ ಆಯಿಲ್ ಸಿಕ್ಕ ದಾರಿಯಲ್ಲೆಲ್ಲ ಹೊರಟುಬಿಡುತ್ತದೆ. ಇದನ್ನು ನೋಡದೆಯೇ ಎಂಜಿನ್ ಬಿಚ್ಚಲು ಹೊರಡುವವರಿಗೆ ಕಾರನ್ನು ಒಪ್ಪಿಸಬೇಡಿ.

ಅನಂತರ ಹೊಗೆ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ನಿಂತುಹೋದರೆ, ಅಥವಾ ಇಳಿಜಾರಿನಲ್ಲಿ ಗೇರ್‌ನಲ್ಲೇ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಕಾಣಿಸಿದರೆ, ಗಟ್ಟಿಯಾದ ವಾಲ್ವ್ ಸೀಲ್‌ಗಳ (ಎಂಜಿನ್ ವಾಲ್ವ್‌ಗಳ ಬಳಿ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್ ಭಾಗಗಳ) ಮೇಲೆ ಅನುಮಾನಪಡಬೇಕು. ಹಲವು ಎಂಜಿನ್‌ಗಳಲ್ಲಿ ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸದೆಯೇ ಇವನ್ನು ಬದಲಿಸಬಹುದು. ಏರಿನಲ್ಲಿ ಭಾರ ಎಳೆಯುವಾಗ ಹೊಗೆ ಎಡೆಬಿಡದೆ ಬರುತ್ತಿದ್ದರೆ ದೋಷ ರಿಂಗ್ ಅಥವಾ ಬೋರ್‌ನದ್ದಾಗಿರಬಹುದು (ಬೋರ್ ಎಂದರೆ ಸಿಲಿಂಡರಿನ ಒಳಗೋಡೆ). ಹೊಗೆ ಕಾಣದಿದ್ದರೆ ಆಯಿಲ್ ಉರಿಯುತ್ತಿಲ್ಲವೆಂದು ತಿಳಿಯಬೇಡಿ, ಏಕೆಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಅದರಲ್ಲಿ ಬಹುಪಾಲನ್ನು ಮರೆಮಾಡುತ್ತದೆ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಟ್ಟು ನೋಡಿ: ಮೂರರ ತುದಿ ಒಣಗಿ ತಿಳಿಕಂದು ಬಣ್ಣದಲ್ಲಿದ್ದು, ಒಂದರ ತುದಿ ಮಾತ್ರ ಕಪ್ಪಾಗಿ, ಬೆರಳಿಗೆ ಜಿಡ್ಡಾಗಿ ಹತ್ತಿದರೆ, ಮೊದಲು ನೋಡಬೇಕಾದ ಸಿಲಿಂಡರ್ ಅದೇ. ಅಲ್ಲಿ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಏಳುವ ಒತ್ತಡ, ಅಳೆಸಿ, ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಸಿ. ಒತ್ತಡ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ಸೋರಿಕೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆಯದು. ಆದರೆ ಕಂಪ್ರೆಷನ್ ಸರಿಯಿದ್ದ ಮಾತ್ರಕ್ಕೆ ರಿಂಗ್‌ಗಳೆಲ್ಲ ನಿರ್ದೋಷಿ ಎಂದಾಗುವುದಿಲ್ಲ. ಕೆಳಗಿನ ಆಯಿಲ್ ರಿಂಗ್ ಮಸಿ ಕಟ್ಟಿ ಅಂಟಿಕೊಂಡಿದ್ದರೂ ಮೇಲಿನವು ಒತ್ತಡವನ್ನು ಹಿಡಿದಿಡುತ್ತವೆ. ಆಯಿಲ್ ಬದಲಾವಣೆಯನ್ನು ಮುಂದೂಡುತ್ತ ಬಂದ ಕಾರುಗಳಲ್ಲಿ ಇದು ಸಾಮಾನ್ಯ.

ದಪ್ಪ ಆಯಿಲ್ ಸಲಹೆಯ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ತೆಳು ಗ್ರೇಡ್‌ನ 0ಡಬ್ಲ್ಯು-20 ಆಯಿಲಿಗೆ ರೂಪಿಸಿದ ಎಂಜಿನ್ನಿಗೆ ದಪ್ಪ ಗ್ರೇಡ್‌ನ 20ಡಬ್ಲ್ಯು-50 ಸುರಿದರೆ, ತಣ್ಣಗಿರುವಾಗ ಅದು ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ, ಮತ್ತು ಆಯಿಲ್ ಒತ್ತಡದಿಂದಲೇ ನಡೆಯುವ ವಾಲ್ವ್ ಟೈಮಿಂಗ್ ವ್ಯವಸ್ಥೆ ಹದ ತಪ್ಪುತ್ತದೆ. ಕೈಪಿಡಿ ಒಪ್ಪುವ ಗ್ರೇಡ್‌ಗಳಲ್ಲೇ ಒಂದು ಮೆಟ್ಟಿಲು ದಪ್ಪದ್ದನ್ನು ಬಳಸಬಹುದು, ಅದಕ್ಕಿಂತ ಹೆಚ್ಚು ಬೇಡ. ಬಾಟಲಿಯಲ್ಲಿ ಬರುವ 'ಹೊಗೆ ನಿಲ್ಲಿಸುವ' ದ್ರಾವಣಗಳು ಸವೆದ ಲೋಹವನ್ನು ಮರಳಿ ಬೆಳೆಸಲಾರವು; ಹಳೆಯ ಕಾರನ್ನು ಮಾರುವವರೆಗೆ ರೋಗವನ್ನು ಮುಚ್ಚಿಡಲು ಅವು ಬಳಕೆಯಾಗುತ್ತಿವೆ, ಇದು ಮೋಸ. ಕೊಳೆ ತುಂಬಿದ ಹಳೆಯ ಎಂಜಿನ್ನಿಗೆ ಫ್ಲಶ್ (ಒಳಗಿನ ಕೊಳೆ ತೊಳೆಯುವ ದ್ರಾವಣ) ಹಾಕಿಸಿದರೆ, ಕಳಚಿದ ಕೊಳೆ ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚಿ ಎಂಜಿನ್ನನ್ನೇ ಕೊಲ್ಲಬಹುದು.

ಖರ್ಚು ಅರ್ಧ ಲೀಟರಿಗಿಂತ ಕಡಿಮೆಯಿದ್ದು, ಏರುತ್ತಲೂ ಇಲ್ಲದಿದ್ದರೆ, ವಾರಕ್ಕೊಮ್ಮೆ ನೋಡಿ ತುಂಬಿಸಿಕೊಂಡು ಹೋಗಿ. ನಾನು ಆ ಎಂಜಿನ್ನನ್ನು ಬಿಚ್ಚುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಎಚ್ಚರಿಸುತ್ತದೆ ಎಂದು ಮಾತ್ರ ಕಾಯಬೇಡಿ. ಅದು ಹೇಳುವುದು ಆಯಿಲ್ ಮಟ್ಟವನ್ನಲ್ಲ, ಒತ್ತಡವನ್ನು. ಅದು ಹೊತ್ತಿಕೊಂಡರೆ ಕೂಡಲೇ ಎಂಜಿನ್ ಆಫ್ ಮಾಡಿ.

ಪ್ರಶ್ನೆ: ಡೀಸೆಲ್ ಕಾರಿನ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗಿದೆ. ಮತ್ತೆ ಬದಲಿಸಲೇ?

ಉತ್ತರ: ಬೇಡ, ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಆ ಆಯಿಲಿನ ಕೆಲಸ.

ಪ್ರಶ್ನೆ: ಮುಂಜಾಗ್ರತೆಗೆಂದು ಮೇಲಿನ ಗೆರೆ ದಾಟಿಸಿ ತುಂಬಿಸಬಹುದೇ?

ಉತ್ತರ: ಕೂಡದು, ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಶಾಫ್ಟ್ ಕಡೆದು ನೊರೆ ಎಬ್ಬಿಸುತ್ತದೆ.

ಪ್ರಶ್ನೆ: ನನ್ನ ಕಾರಿನಲ್ಲಿ ತುಂಬಿಸದೆಯೇ ಆಯಿಲ್ ಮಟ್ಟ ಏರುತ್ತಿದೆ. ಸಂತೋಷಪಡಬಹುದೇ?

ಉತ್ತರ: ಇಂಧನ ಅಥವಾ ಕೂಲೆಂಟ್ ಒಳಗೆ ಸೇರುತ್ತಿದೆ. ಇದು ಆಯಿಲ್ ಇಳಿಯುವುದಕ್ಕಿಂತ ಕೆಟ್ಟ ಲಕ್ಷಣ. ಕಾರನ್ನು ಓಡಿಸದೆ, ಎಳೆಸಿಕೊಂಡೇ ವರ್ಕ್‌ಶಾಪಿಗೆ ಒಯ್ಯಿರಿ.