ರಾತ್ರಿ ಜ್ವರ ಬಂದರೆ ಯಾರನ್ನು ಕೇಳಬೇಕು?

ಕ್ಯಾನ್ಸರಿಗೆ ಕೀಮೋ ಚಿಕಿತ್ಸೆ ಶುರುವಾಗುವ ಮುಂಚೆ ನನ್ನ ಬಳಿ ಆಪ್ತಸಲಹೆಗೆ ಬರುವ ಮನೆಯವರು ಕೂದಲು ಉದುರುವುದರ ಬಗ್ಗೆ, ವಾಂತಿಯ ಬಗ್ಗೆ, ಊಟದ ಪಥ್ಯದ ಬಗ್ಗೆ ಕೇಳುತ್ತಾರೆ. ಜ್ವರದ ಮಾತೆತ್ತಿದರೆ ‘ಆಸ್ಪತ್ರೆಗೆ ಹೋಗುವುದು, ಅಷ್ಟೇ ಅಲ್ಲವೇ’ ಎನ್ನುತ್ತಾರೆ. ಹೋಗೋಣ ಎಂದು ತೀರ್ಮಾನಿಸುವವರು ಯಾರೆಂದು ಇತ್ಯರ್ಥವಾಗದೆ ಹೊತ್ತು ಹಾಳಾಗುವುದನ್ನು ಮತ್ತೆ ಮತ್ತೆ ಕಾಣುತ್ತಿರುವುದರಿಂದ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ಮನೆ. ಅರವತ್ತು ದಾಟಿದ ತಾಯಿಗೆ ಸ್ತನದ ಕ್ಯಾನ್ಸರ್. ಆಪರೇಷನ್ ಮುಗಿದಿತ್ತು, 21 ದಿನಕ್ಕೊಮ್ಮೆ ಮಂಗಳೂರಿನಲ್ಲಿ ಕೀಮೋ ಎಂದು ನಿಗದಿಯಾಗಿತ್ತು. ದೊಡ್ಡ ಮಗ ಬೆಂಗಳೂರಿನಲ್ಲಿ, ಚಿಕ್ಕವರು ಗಲ್ಫಿನಲ್ಲಿ, ಮಗಳು ಸುಳ್ಯದಲ್ಲಿ. ಮನೆಯಲ್ಲಿರುವುದು ಚಿಕ್ಕ ಸೊಸೆ ಮತ್ತು ಶಾಲೆಗೆ ಹೋಗುವ ಮಗು. ಖರ್ಚು, ವಿಮೆಯ ಕಾಗದ, ಹೋಗಿಬರುವ ಕಾರು ಎಲ್ಲವನ್ನೂ ದೊಡ್ಡ ಮಗ ಅಚ್ಚುಕಟ್ಟಾಗಿ ಹೊಂದಿಸಿಕೊಂಡೇ ಬಂದಿದ್ದರು. ಸೊಸೆ ಬಾಯಿ ಬಿಟ್ಟದ್ದು ಎಲ್ಲರೂ ಏಳುವ ಹೊತ್ತಿಗೆ. “ರಾತ್ರಿ ಹನ್ನೆರಡಕ್ಕೆ ಅತ್ತೆಗೆ ಜ್ವರ ಬಂದರೆ ನಾನು ಯಾರನ್ನು ಕೇಳಬೇಕು? ಭಾವನನ್ನೋ, ಇವರನ್ನೋ?”

“ನನಗೆ ಫೋನ್ ಮಾಡು, ಡಾಕ್ಟರ ಹತ್ತಿರ ಮಾತಾಡಿ ಹೇಳ್ತೇನೆ” ಎಂದರು ದೊಡ್ಡ ಮಗ. ತಾಯಿ, “ಅಷ್ಟು ಹೊತ್ತಿಗೆ ಯಾರನ್ನೂ ಎಬ್ಬಿಸುವುದು ಬೇಡ. ಒಂದು ಮಾತ್ರೆ ತಕ್ಕೊಂಡು ಕಾಳುಮೆಣಸಿನ ಕಷಾಯ ಕುಡಿದರೆ ಬೆಳಗಾಗುವಾಗ ಇಳಿಯುತ್ತದೆ” ಎಂದರು.

ಯಾರನ್ನೂ ಕೇಳಬೇಡಿ, ಹೊರಟು ದಾರಿಯಿಂದ ಫೋನ್ ಮಾಡಿ ಎಂದು ಸೊಸೆಗೆ ಹೇಳಿದೆ. ದೊಡ್ಡ ಮಗನ ಮುಖ ಸಣ್ಣದಾಯಿತು. ಮನೆಯ ಹಿರಿಯರನ್ನು ಬದಿಗೆ ಸರಿಸಿದ ಹಾಗಾಯಿತಲ್ಲ ಎಂದು ಕೆಲವು ಓದುಗರಿಗೂ ಅನ್ನಿಸಬಹುದು. ಆದರೂ ಈ ವಿಷಯದಲ್ಲಿ ನಾನು ಮಾತು ಸಡಿಲಿಸುವುದಿಲ್ಲ.

ಹೆಚ್ಚಿನ ಕೀಮೋ ಮದ್ದುಗಳಲ್ಲಿ ಏಳರಿಂದ ಹದಿನಾಲ್ಕನೇ ದಿನದ ನಡುವೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಸೋಂಕು ತಗಲಿದರೂ ಕೀವು, ಬಾವು ಕಾಣದೆ ಹೋಗಬಹುದು, ಏಕೆಂದರೆ ಅವನ್ನು ಉಂಟುಮಾಡುವ ಕಣಗಳೇ ಕಡಿಮೆ. ಕೆಲವೊಮ್ಮೆ ಜ್ವರವೊಂದೇ ಸೂಚನೆ. ಪ್ಯಾರಾಸಿಟಮಾಲ್ ನುಂಗಿದರೆ ಆ ಸೂಚನೆಯೂ ಅಳಿಸಿಹೋಗುತ್ತದೆ, ಸೋಂಕು ಮಾತ್ರ ರಕ್ತಕ್ಕೆ ಏರುತ್ತಲೇ ಇರುತ್ತದೆ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯಾಟಿಕ್ ಹೋಗಬೇಕು ಎಂಬುದು ವೈದ್ಯರ ನಿಯಮ. ಬೆಂಗಳೂರಿನವರು ಎದ್ದು, ಗಲ್ಫಿನವರೊಡನೆ ಮಾತಾಡಿ, ಒಪ್ಪಿಗೆ ಮರಳಿ ಬರುವಷ್ಟು ಪುರುಸೊತ್ತು ಇದರಲ್ಲಿಲ್ಲ. ಮಳೆಗಾಲದಲ್ಲಿ ಕರೆಂಟಿನ ಜತೆ ಟವರೂ ಹೋಗುವ ಊರದು.

ಥರ್ಮಾಮೀಟರನ್ನು ನಾಲಿಗೆಯಡಿ ಇಟ್ಟಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಹೊರಡಬೇಕು. ಕಂಕುಳಲ್ಲಿ ಇಟ್ಟರೆ ಕಡಿಮೆ ತೋರಿಸುತ್ತದೆ. ಬಿಸಿ ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು ನೋಡಬೇಕು. ಚಳಿ ಹಿಡಿದು ನಡುಗುತ್ತಿದ್ದರೆ ಅಂಕಿ ಏರುವುದನ್ನು ಕಾಯಲೇಬಾರದು. ತಾಯಿಯ ತಲೆದಿಂಬಿನ ಬಳಿಯ ಮಾತ್ರೆ ಡಬ್ಬಿ ಸೊಸೆಯ ಕಪಾಟಿಗೆ ಹೋಗಬೇಕೆಂದೂ ಹೇಳಿದೆ.

ಇನ್ನೊಂದು ತೊಡಕು ಗಡಿಯದು. ಬದಿಯಡ್ಕದಿಂದ ಮಂಗಳೂರಿಗೆ ರಾತ್ರಿಯಲ್ಲೂ ಒಂದು ಗಂಟೆಗಿಂತ ಹೆಚ್ಚು ಬೇಕು. 2020ರ ಕೋವಿಡ್ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ದಾಟಲಾಗದೆ ರೋಗಿಗಳು ಪಟ್ಟ ಪಾಡನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಮೊದಲ ಕೀಮೋ ದಿನವೇ ವೈದ್ಯರಲ್ಲಿ ಒಂದು ಪ್ರಶ್ನೆ ಕೇಳಲು ತಿಳಿಸಿದೆ: ಜ್ವರ ಬಂದರೆ ನೇರ ಇಲ್ಲಿಗೇ ಬರುವುದೋ, ಹತ್ತಿರದಲ್ಲಿ ರಕ್ತಪರೀಕ್ಷೆ ಮಾಡಿಸಿ ಮೊದಲ ಇಂಜೆಕ್ಷನ್ ಹಾಕಿಸಿಕೊಂಡು ಬರುವುದೋ? ಹತ್ತಿರದಲ್ಲೇ ಎಂದಾದರೆ ಯಾವ ಆಸ್ಪತ್ರೆ ಎಂಬುದನ್ನೂ ಅವರ ಕೈಯಲ್ಲೇ ಬರೆಸಿಕೊಳ್ಳಬೇಕು.

ಸೊಸೆ ಪುತ್ತೂರಿನವರು, ಮಲಯಾಳ ಅಷ್ಟಕ್ಕಷ್ಟೇ. ಕಾಸರಗೋಡಿನ ಕ್ಯಾಶುವಾಲಿಟಿಯಲ್ಲಿ ತಡವರಿಸಬಾರದೆಂದು ನೆರೆಮನೆಯವರಿಂದ ಮಲಯಾಳದಲ್ಲೊಂದು ಚೀಟಿ ಬರೆಸಲು ಹೇಳಿದೆ: ಕೀಮೋ ಆಗುತ್ತಿರುವ ರೋಗಿ, ಕೊನೆಯ ಕೀಮೋ ಇಂಥ ದಿನ, ಮದ್ದಿನ ಹೆಸರು ಇವು, ಈಗ ಜ್ವರ. ಬಾಗಿಲಲ್ಲೇ ಈ ಚೀಟಿ ಕೊಡಬೇಕು, ಸಾಲಿನಲ್ಲಿ ಕೂರಬಾರದು.

ಕೊನೆಗೆ ದೊಡ್ಡ ಮಗನಿಗೆ ಹೇಳಿದೆ: ನೀವು ಮಾಡಬೇಕಾದ್ದೂ ಉಂಟು. ಆಚೆಮನೆಯ ಜೀಪಿನವರಿಗೆ ಮೊದಲೇ ಹೇಳಿಡಿ, ಸೊಸೆಯ ಕೈಯಲ್ಲಿ ಹಣ ಇಟ್ಟಿರಿ, ‘ಸುಮ್ಮನೆ ಯಾಕೆ ಹೋದೆ’ ಎಂದು ಆಮೇಲೆ ಯಾರೂ ಕೇಳುವುದಿಲ್ಲವೆಂದು ಅವರೆದುರೇ ಮಾತು ಕೊಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೊಟ್ಟರು.

ಎರಡನೇ ಕೀಮೋದ ಒಂಬತ್ತನೇ ದಿನ ರಾತ್ರಿ 101 ಬಂತು. ಸೊಸೆ ಜೀಪಿನಲ್ಲಿ ಕೂತ ಮೇಲೆಯೇ ಭಾವನಿಗೆ ಫೋನ್ ಮಾಡಿದರು. ಮಗುವನ್ನು ನೆರೆಮನೆಯಲ್ಲಿ ಎಬ್ಬಿಸಿ ಬಿಡಬೇಕಾಗಿ ಬಂದದ್ದು ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ. ಮುಂದಿನ ಕೀಮೋಗಳಲ್ಲಿ ಏಳನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಸುಳ್ಯದ ಮಗಳು ತವರಿಗೆ ಬಂದು ನಿಲ್ಲುವುದೆಂದು ಮಾಡಿಕೊಂಡಿದ್ದಾರೆ.